ಸಂಕಲನ, ಲೈವ್ ಆಲ್ಬಮ್‌ಗಳನ್ನು ಬದಿಗಿಡುವ ಮುನ್ನ

ಮಾನ್ಯ ಸಂಪಾದಕರೇ,

ಎಪ್ಪತ್ತು ಮತ್ತು ಎಂಬತ್ತರ ದಶಕಗಳ ಬ್ರಿಟಿಷ್ ನ್ಯೂ ವೇವ್ ಹಾಗೂ ಆರ್ಟ್ ರಾಕ್ ತಂಡಗಳನ್ನು ಹೊಸದಾಗಿ ಕೇಳಲು ಹೊರಟವರಿಗೆ ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಅಂಕಣಕಾರರು ಒಂದು ಸಲಹೆ ಕೊಟ್ಟಿದ್ದಾರೆ. ಪ್ರತಿ ತಂಡದ ಸ್ಟುಡಿಯೊ ಆಲ್ಬಮ್‌ಗಳನ್ನು ಬಂದ ಕ್ರಮದಲ್ಲಿ ಕೇಳಿದರೆ ಸಾಕು, ಹಳೆಯ ಹಾಡುಗಳ ಸಂಕಲನಗಳೂ ವೇದಿಕೆಯಲ್ಲಿ ನುಡಿಸಿದ್ದನ್ನು ಮುದ್ರಿಸಿದ ಲೈವ್ ಆಲ್ಬಮ್‌ಗಳೂ ಕಂಪನಿಗಳು ಖರ್ಚಿಲ್ಲದೆ ಹಣ ಮಾಡಲು ಹೂಡಿದ ಉಪಾಯಗಳು, ಆದ್ದರಿಂದ ಅವನ್ನು ಬದಿಗಿಡಬಹುದು ಎಂಬುದು ಅದರ ಸಾರ. ಬೇರೆ ಯಾವುದೋ ಸಂಗೀತದ ಮಟ್ಟಿಗೆ ಈ ಮಾತು ಸರಿಯಿದ್ದರೂ ಇರಬಹುದು. ಆದರೆ ಅಂಕಣಕಾರರು ಆರಿಸಿಕೊಂಡ ದೇಶ, ಕಾಲ ಮತ್ತು ತಂಡಗಳ ವಿಷಯದಲ್ಲಿ ಈ ಸಲಹೆಯನ್ನು ಪಾಲಿಸಿದ ಕೇಳುಗರು ಆ ತಂಡಗಳ ಅತ್ಯುತ್ತಮ ಕೆಲಸದ ಒಂದು ದೊಡ್ಡ ಪಾಲನ್ನೇ ಕಳೆದುಕೊಳ್ಳುತ್ತಾರೆ. ಹಲವು ದಶಕಗಳಿಂದ ಈ ಸಂಗೀತವನ್ನು ಕೇಳುತ್ತಾ ಬಂದವನಾಗಿ ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕೆನಿಸಿತು. ಪತ್ರ ಉದ್ದವಾದುದಕ್ಕೆ ಕ್ಷಮೆಯಿರಲಿ.

ಮೊದಲನೆಯದಾಗಿ ಗಮನಿಸಬೇಕಾದದ್ದು ಬ್ರಿಟನ್ನಿನಲ್ಲಿ ಆಗ ರೂಢಿಯಲ್ಲಿದ್ದ ಒಂದು ಪದ್ಧತಿ. ಒಮ್ಮೆ ಸಿಂಗಲ್ ಆಗಿ, ಅಂದರೆ ಒಂದೆರಡು ಹಾಡುಗಳ ಬಿಡಿ ತಟ್ಟೆಯಾಗಿ, ಮಾರಿದ ಹಾಡನ್ನು ಅದೇ ಅಭಿಮಾನಿಗೆ ಎಲ್‌ಪಿಯಲ್ಲಿ, ಅಂದರೆ ಇಡೀ ಆಲ್ಬಮ್ಮಿನ ತಟ್ಟೆಯಲ್ಲಿ, ಎರಡನೆಯ ಸಲ ಮಾರುವುದು ಸರಿಯಲ್ಲ ಎಂಬ ಭಾವನೆ ಅರವತ್ತರ ದಶಕದಿಂದಲೂ ಅಲ್ಲಿತ್ತು, ಮುಂದೆ ಅನೇಕ ತಂಡಗಳು ಅದನ್ನು ಪಾಲಿಸಿಕೊಂಡು ಬಂದವು. ರಾಕ್ಸಿ ಮ್ಯೂಸಿಕ್ ತಂಡಕ್ಕೆ ಹೆಸರು ತಂದುಕೊಟ್ಟ ‘ವರ್ಜಿನಿಯಾ ಪ್ಲೇನ್’ 1972ರಲ್ಲಿ ಬ್ರಿಟಿಷ್ ಮಾರಾಟದ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನಕ್ಕೇರಿತು. ಆದರೆ ಅದೇ ವರ್ಷ ಬ್ರಿಟನ್ನಿನಲ್ಲಿ ಹೊರಬಂದ ಅವರ ಮೊದಲ ಎಲ್‌ಪಿಯಲ್ಲಿ ಆ ಹಾಡು ಇರಲೇ ಇಲ್ಲ. ಮರುವರ್ಷದ ‘ಪೈಜಾಮರಾಮ’ ಕೂಡ ಯಾವ ಸ್ಟುಡಿಯೊ ಎಲ್‌ಪಿಗೂ ಸೇರಲಿಲ್ಲ. ಈ ಎರಡೂ ಸಿಂಗಲ್‌ಗಳು ಬ್ರಿಟಿಷ್ ಕೇಳುಗರಿಗೆ ಒಂದೇ ಎಲ್‌ಪಿಯಲ್ಲಿ ದೊರೆತದ್ದು 1977ರ ‘ಗ್ರೇಟೆಸ್ಟ್ ಹಿಟ್ಸ್’ ಸಂಕಲನದಲ್ಲಿ. ಅಂಕಣಕಾರರು ಹೇಳಿದ ದಾರಿಯಲ್ಲಿ ಆಗ ನಡೆದಿದ್ದ ಕೇಳುಗನಿಗೆ ರಾಕ್ಸಿ ಮ್ಯೂಸಿಕ್‌ನ ಎಲ್ಲ ಆಲ್ಬಮ್‌ಗಳೂ ಸಿಗುತ್ತಿದ್ದವು, ಆ ತಂಡ ಮನೆಮಾತಾದ ಹಾಡು ಮಾತ್ರ ಸಿಗುತ್ತಿರಲಿಲ್ಲ! ಈಚೆಗೆ ಮರುಬಿಡುಗಡೆಯಾದ ಸಿಡಿಗಳಲ್ಲಿ ಅದನ್ನು ನಡುವೆ ತೂರಿಸಿದ್ದಾರೆ ಎನ್ನುವುದು ನಿಜ. ಆದರೆ ಹಾಗೆ ತೂರಿಸಿದ ಮೇಲೆ ಅದು ತಂಡ ಜೋಡಿಸಿದ ಮೂಲ ಆಲ್ಬಮ್ ಆಗಿ ಉಳಿಯುವುದಿಲ್ಲ ಎನ್ನುವುದೂ ಅಷ್ಟೇ ನಿಜ.

ಈ ಪದ್ಧತಿಯ ತುತ್ತತುದಿಯನ್ನು ನೋಡಬೇಕಾದರೆ ನ್ಯೂ ಆರ್ಡರ್ ತಂಡದ ‘ಸಬ್‌ಸ್ಟೆನ್ಸ್’ ಕೇಳಬೇಕು. 1983ರ ‘ಬ್ಲೂ ಮಂಡೇ’ ಏಳೂವರೆ ನಿಮಿಷದ, ಹನ್ನೆರಡು ಇಂಚಿನ ತಟ್ಟೆಗೆಂದೇ ಮಾಡಿದ ಹಾಡು. ಅದೇ ವರ್ಷ ಬ್ರಿಟನ್ನಿನಲ್ಲಿ ಬಂದ ಆಲ್ಬಮ್ಮಿನಲ್ಲಿ ಅದಕ್ಕೆ ಜಾಗ ಕೊಟ್ಟಿರಲಿಲ್ಲ. ಹೀಗೆ ವರ್ಷಗಳ ಕಾಲ ಈ ತಂಡದ ಆಲ್ಬಮ್‌ಗಳು ಒಂದು ದಾರಿಯಲ್ಲಿ, ಸಿಂಗಲ್‌ಗಳು ಇನ್ನೊಂದು ದಾರಿಯಲ್ಲಿ ಸಾಗಿದವು. ತಂಡದ ತಟ್ಟೆಗಳನ್ನು ಹೊರತರುತ್ತಿದ್ದ ಫ್ಯಾಕ್ಟರಿ ಸಂಸ್ಥೆಯ ಟೋನಿ ವಿಲ್ಸನ್ ಅವರಿಗೆ ತಮ್ಮ ಜಾಗ್ವಾರ್ ಕಾರಿನ ಸಿಡಿ ಪ್ಲೇಯರಿನಲ್ಲಿ ತಂಡದ ಸಿಂಗಲ್‌ಗಳನ್ನೆಲ್ಲ ಒಟ್ಟಿಗೆ ಕೇಳುವ ಆಸೆಯಾಯಿತು, ಹಾಗಾಗಿ 1987ರ ಈ ಸಂಕಲನ ಹುಟ್ಟಿತು ಎಂಬ ಕಥೆ ಪ್ರಸಿದ್ಧವಾಗಿದೆ. ಹುಟ್ಟಿದ ಕಾರಣ ಏನೇ ಇರಲಿ, ಕೇಳಿದಾಗ ಅದು ಸೇರಿಸಿ ಹೊಲಿದ ಕೌದಿಯಂತೆ ತೋರುವುದಿಲ್ಲ. ಹಾಡುಗಾರನನ್ನು ಕಳೆದುಕೊಂಡು ದಾರಿ ತೋಚದೆ ನಿಂತಿದ್ದ ಗಿಟಾರ್ ತಂಡವೊಂದು ಯಂತ್ರಗಳ ಜೊತೆ ಕುಣಿಯಲು ಕಲಿತ ಆರೇಳು ವರ್ಷಗಳ ಕಥೆಯನ್ನು ಅದು ಬಿಡುವಿಲ್ಲದೆ ಹೇಳುತ್ತಾ ಹೋಗುತ್ತದೆ. ನ್ಯೂ ಆರ್ಡರ್‌ನ ಯಾವುದೇ ಒಂದು ಸ್ಟುಡಿಯೊ ಆಲ್ಬಮ್ ಆ ಕಥೆಯನ್ನು ಇಷ್ಟು ಸ್ಪಷ್ಟವಾಗಿ ಹೇಳುವುದಿಲ್ಲ ಎಂದು ನನ್ನ ಎಣಿಕೆ.

ಆದರೆ ಇದೇ ಆಲ್ಬಮ್ ಇನ್ನೊಂದು ಪಾಠವನ್ನೂ ಕಲಿಸುತ್ತದೆ. ಅದರಲ್ಲಿರುವ ‘ಟೆಂಪ್ಟೇಷನ್’ ಮತ್ತು ‘ಕನ್‌ಫ್ಯೂಷನ್’ ಹಾಡುಗಳು ಮೂಲ ಸಿಂಗಲ್‌ಗಳಲ್ಲ, ಸಂಕಲನಕ್ಕೆಂದೇ 1987ರಲ್ಲಿ ಹೊಸದಾಗಿ ಮುದ್ರಿಸಿದವು. ಮೊದಲ ಹಾಡಾದ ‘ಸೆರಿಮನಿ’ ಕೂಡ 1981ರಲ್ಲಿ ಮೊದಲು ಬಂದ ರೂಪದ್ದಲ್ಲ, ಗಿಲಿಯನ್ ಗಿಲ್ಬರ್ಟ್ ತಂಡಕ್ಕೆ ಸೇರಿದ ಮೇಲೆ ಅದೇ ವರ್ಷ ಮತ್ತೊಮ್ಮೆ ನುಡಿಸಿದ ರೂಪದ್ದು. ಸಿಡಿಯಲ್ಲಿ ‘ದ ಪರ್ಫೆಕ್ಟ್ ಕಿಸ್’ ಹಾಡಿನ ಬಾಲವನ್ನೂ ಕತ್ತರಿಸಿದ್ದಾರೆ. ಸಿಂಗಲ್‌ಗಳ ಸಂಗ್ರಹವೆಂದು ಕೊಂಡವನಿಗೆ ಸಿಕ್ಕಿದ್ದು ತಂಡ ತನ್ನ ಸಿಂಗಲ್‌ಗಳನ್ನು ಹಿಂತಿರುಗಿ ನೋಡಿ ತಿದ್ದಿದ ಪ್ರತಿ. ನನಗಂತೂ 1982ರ ಮೂಲ ‘ಟೆಂಪ್ಟೇಷನ್’ನ ಒರಟುತನವೇ ಹೆಚ್ಚು ಇಷ್ಟ. ಇಷ್ಟವೋ ಕಷ್ಟವೋ, ಇಂಥ ವಿಷಯವನ್ನು ಕೇಳುಗರಿಗೆ ತಿಳಿಸುವುದು ವಿಮರ್ಶಕರ ಕೆಲಸ. ಸಂಕಲನವನ್ನು ಕೇಳುವ ಮೊದಲೇ ಬದಿಗಿಟ್ಟರೆ ಆ ಕೆಲಸ ನಡೆಯುವುದಾದರೂ ಹೇಗೆ?

ದ ಸ್ಮಿತ್ಸ್ ತಂಡದ ‘ಹ್ಯಾಟ್‌ಫುಲ್ ಆಫ್ ಹಾಲೊ’ ಇದಕ್ಕಿಂತಲೂ ಒಳ್ಳೆಯ ಉದಾಹರಣೆ. 1984ರ ಫೆಬ್ರವರಿಯಲ್ಲಿ ಬಂದ ಅವರ ಮೊದಲ ಆಲ್ಬಮ್ ಹಾಡುಗಳ ದೃಷ್ಟಿಯಿಂದ ಸೊಗಸಾದದ್ದು, ಆದರೆ ಅದರ ಧ್ವನಿಮುದ್ರಣದಲ್ಲಿ ಏನೋ ಮಂಕು ಕವಿದಂತಿದೆ, ತಂಡದವರಿಗೇ ಅದು ತೃಪ್ತಿ ಕೊಟ್ಟಿರಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ರಫ್ ಟ್ರೇಡ್ ಸಂಸ್ಥೆ ಜಾನ್ ಪೀಲ್ ಮತ್ತು ಡೇವಿಡ್ ಜೆನ್ಸನ್ ಅವರ ಬಿಬಿಸಿ ರೇಡಿಯೊ ಕಾರ್ಯಕ್ರಮಗಳಿಗಾಗಿ ತಂಡ ನುಡಿಸಿದ್ದ ಹಾಡುಗಳನ್ನೂ ಕೆಲವು ಸಿಂಗಲ್‌ಗಳನ್ನೂ ಅವುಗಳ ಹಿಂಬದಿಯ ಹಾಡುಗಳಾದ ಬಿ-ಸೈಡ್‌ಗಳನ್ನೂ ಸೇರಿಸಿ ಈ ಸಂಕಲನವನ್ನು ಹೊರತಂದಿತು. 3.99 ಪೌಂಡಿಗಿಂತ ಹೆಚ್ಚು ಕೊಡಬೇಡಿ ಎಂದು ಕೊಳ್ಳುವವರಿಗೆ ಹೊದಿಕೆಯ ಮೇಲೆಯೇ ಸೂಚನೆಯಿತ್ತು. ಅಂಗಡಿಯವರು ಬೆಲೆ ಏರಿಸದಂತೆ ಆಲ್ಬಮ್ಮೇ ಕಾವಲಿಗೆ ನಿಂತಂತಿದ್ದ ಆ ಸಾಲನ್ನು ಓದಿದ ಮೇಲೂ ಸಂಕಲನಗಳೆಲ್ಲ ದುಡ್ಡು ದೋಚುವ ಉಪಾಯ ಎನ್ನಲು ನನಗೆ ಬಾಯಿ ಬರುವುದಿಲ್ಲ. ರೇಡಿಯೊ ಸ್ಟುಡಿಯೊದಲ್ಲಿ ಹೆಚ್ಚು ಸಮಯವಿಲ್ಲದೆ ಬಿರುಸಾಗಿ ಮುಗಿಸಿದ ಆ ಮುದ್ರಣಗಳಲ್ಲಿ ಜಾನಿ ಮಾರ್ ಅವರ ಗಿಟಾರ್ ಕಿವಿಯ ಪಕ್ಕದಲ್ಲೇ ನುಡಿಯುತ್ತದೆ. ಎರಡೂ ಆಲ್ಬಮ್‌ಗಳಲ್ಲಿರುವ ಹಾಡುಗಳನ್ನು ಒಂದರ ಹಿಂದೆ ಒಂದು ಕೇಳಿ ನೋಡಲಿ, ಯಾವುದು ಮುಖ್ಯ ಊಟ, ಯಾವುದು ಮಿಕ್ಕಿದ್ದು ಎಂಬ ಗೊಂದಲ ಅಂಕಣಕಾರರಿಗೂ ಹುಟ್ಟದೆ ಇರದು. ‘ಹೌ ಸೂನ್ ಈಸ್ ನೌ?’ ಮೊದಲು ಒಂದು ಸಿಂಗಲ್ಲಿನ ಹಿಂಬದಿಯಲ್ಲಿ ಅಡಗಿದ್ದ ಹಾಡು. ಎಲ್‌ಪಿಯಲ್ಲಿ ಅದಕ್ಕೆ ನೆಲೆ ಸಿಕ್ಕಿದ್ದು ಈ ಸಂಕಲನದಿಂದಲೇ.

ದ ಕ್ಯೂರ್ ತಂಡದ 1986ರ ಸಂಕಲನದ ವಿಚಾರವಂತೂ ಇನ್ನೂ ಸ್ವಾರಸ್ಯ. ಎಲ್‌ಪಿಯಾಗಿ ಕೊಂಡರೆ ಅದರ ಹೆಸರು ‘ಸ್ಟ್ಯಾಂಡಿಂಗ್ ಆನ್ ಎ ಬೀಚ್’, ಹಾಡುಗಳು 13. ಸಿಡಿಯಾಗಿ ಕೊಂಡರೆ ಹೆಸರು ‘ಸ್ಟೇರಿಂಗ್ ಅಟ್ ದ ಸೀ’, ಹಾಡುಗಳು 17. ಕ್ಯಾಸೆಟ್ ಕೊಂಡವರಿಗೆ ಒಂದು ಬದಿಯಲ್ಲಿ ಎಲ್‌ಪಿಯ 13 ಸಿಂಗಲ್‌ಗಳು, ಇನ್ನೊಂದು ಬದಿಯಲ್ಲಿ 12 ಬಿ-ಸೈಡ್‌ಗಳು. ಎಲ್ಲಕ್ಕಿಂತ ಅಗ್ಗದ ರೂಪವೆಂದು ಜನ ಭಾವಿಸಿದ್ದ ಕ್ಯಾಸೆಟ್ಟೇ ಇಲ್ಲಿ ಎಲ್ಲಕ್ಕಿಂತ ಸಿರಿವಂತ. ಆ ಬಿ-ಸೈಡ್‌ಗಳು ಒಂದೆಡೆ ಸರಿಯಾಗಿ ಸಿಡಿಗೆ ಬಂದದ್ದು 2004ರ ‘ಜಾಯಿನ್ ದ ಡಾಟ್ಸ್’ ಪೆಟ್ಟಿಗೆಯಲ್ಲಿ. ಎಕ್ಸ್‌ಟಿಸಿ ತಂಡ 1982ರಲ್ಲಿ ಸಿಂಗಲ್‌ಗಳನ್ನು ‘ವ್ಯಾಕ್ಸ್‌ವರ್ಕ್ಸ್’ ಎಂದೂ ಬಿ-ಸೈಡ್‌ಗಳನ್ನು ‘ಬೀಸ್‌ವ್ಯಾಕ್ಸ್’ ಎಂದೂ ಎರಡು ತಟ್ಟೆಗಳಾಗಿ ಬೇರ್ಪಡಿಸಿತು, ಅದೂ ಒಳ್ಳೆಯ ದಾರಿಯೇ.

ಹಾಗೆಂದು ಅಂಕಣಕಾರರ ಸಿಟ್ಟಿಗೆ ಕಾರಣವೇ ಇಲ್ಲ ಎಂದು ನಾನು ವಾದಿಸುತ್ತಿಲ್ಲ. ತಂಡವೊಂದು ಹಳೆಯ ಕಂಪನಿಯನ್ನು ಬಿಟ್ಟು ಹೊಸದಕ್ಕೆ ಹೋಗಿ ಅಲ್ಲಿ ಹೆಸರು ಮಾಡಿದೊಡನೆ, ಅದುವರೆಗೆ ಸುಮ್ಮನಿದ್ದ ಹಳೆಯ ಕಂಪನಿಗೆ ತನ್ನ ಕಪಾಟಿನಲ್ಲಿರುವ ಟೇಪುಗಳ ನೆನಪಾಗುವುದು ಆ ಕಾಲದಲ್ಲಿ ಮಾಮೂಲಾಗಿತ್ತು. ಜಪಾನ್ ತಂಡ 1980ರಲ್ಲಿ ಹಾನ್ಸಾ ಕಂಪನಿಯಿಂದ ವರ್ಜಿನ್‌ಗೆ ಹೋಯಿತು, ಮರುವರ್ಷವೇ ಹಾನ್ಸಾ ‘ಅಸೆಂಬ್ಲೇಜ್’ ಎಂಬ ಸಂಕಲನವನ್ನು ಅಂಗಡಿಗೆ ತಂದಿತು. ಐಲ್ಯಾಂಡ್ ಕಂಪನಿಗಾಗಿ ಮೂರು ಆಲ್ಬಮ್ ಮಾಡಿದ್ದ ಅಲ್ಟ್ರಾವಾಕ್ಸ್, ಹಾಡುಗಾರ ಜಾನ್ ಫಾಕ್ಸ್ ಹೊರನಡೆದು ಮಿಜ್ ಯೂರ್ ಬಂದ ಮೇಲೆ 1980ರಲ್ಲಿ ಕ್ರಿಸಾಲಿಸ್‌ಗಾಗಿ ‘ವಿಯೆನ್ನಾ’ ಮಾಡಿತು. ಅದೇ ವರ್ಷ ಐಲ್ಯಾಂಡ್‌ನವರು ಮೂರು ಹಳೆಯ ಆಲ್ಬಮ್‌ಗಳಿಂದ ಆಯ್ದು ‘ತ್ರೀ ಇನ್‌ಟು ಒನ್’ ಹೊರತಂದರು. ವಿಚಿತ್ರವೆಂದರೆ ಈ ಎರಡೂ ಸಂಕಲನಗಳು ಕೇಳಲು ಕೆಟ್ಟವಲ್ಲ. ಫಾಕ್ಸ್ ಕಾಲದ ಅಲ್ಟ್ರಾವಾಕ್ಸ್ ಎಷ್ಟು ದಿಟ್ಟ ತಂಡವಾಗಿತ್ತು ಎಂಬುದನ್ನು ನಾನು ತಿಳಿದದ್ದೇ ಆ ‘ವ್ಯಾಪಾರಿ’ ತಟ್ಟೆಯಿಂದ.

ಕೇಳುಗನಿಗೆ ಲಾಭವಾದರೂ ಕಲಾವಿದನಿಗೆ ಅನ್ಯಾಯವಾಗಬಹುದು ಎಂಬುದಕ್ಕೆ ಟಾಕ್ ಟಾಕ್ ತಂಡದ ಪ್ರಸಂಗ ಸಾಕ್ಷಿ. 1988ರ ‘ಸ್ಪಿರಿಟ್ ಆಫ್ ಈಡನ್’ ಮಾಡುವಷ್ಟರಲ್ಲಿ ಆ ತಂಡ ಸಿಂಗಲ್‌ಗಳ ಲೋಕವನ್ನೇ ತೊರೆದು ಮೌನದ ಅಂಚಿಗೆ ಬಂದಿತ್ತು. ತಂಡ ಇಎಂಐ ಕಂಪನಿಯಿಂದ ಹೊರಬಂದ ಬಳಿಕ 1990ರಲ್ಲಿ ಅದೇ ಕಂಪನಿ ಹೊರಡಿಸಿದ ‘ನ್ಯಾಚುರಲ್ ಹಿಸ್ಟರಿ’ ಸಂಕಲನ ಬ್ರಿಟಿಷ್ ಪಟ್ಟಿಯ ಮೂರನೆಯ ಸ್ಥಾನಕ್ಕೇರಿ ಲಕ್ಷಗಟ್ಟಲೆ ಪ್ರತಿ ಮಾರಾಟವಾಯಿತು. ಅಷ್ಟಕ್ಕೇ ನಿಂತಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲವೇನೋ. ಆದರೆ 1991ರಲ್ಲಿ ಕಂಪನಿ ಆ ಹಾಡುಗಳನ್ನು ಬೇರೆಯವರಿಂದ ಕುಣಿತಕ್ಕೆ ಒಗ್ಗುವಂತೆ ರೀಮಿಕ್ಸ್ ಮಾಡಿಸಿ, ತಂಡದ ಒಪ್ಪಿಗೆಯಿಲ್ಲದೆ ‘ಹಿಸ್ಟರಿ ರಿವಿಸಿಟೆಡ್’ ಎಂಬ ಹೆಸರಿನಲ್ಲಿ ಮಾರಿತು. ತಾವು ಮಾಡದ ಸಂಗೀತಕ್ಕೆ ತಮ್ಮ ಹೆಸರು ಅಂಟಿಸಲಾಗಿದೆ ಎಂದು ತಂಡ ಕಾನೂನಿನ ಮೊರೆ ಹೋಯಿತು. ಉಳಿದ ಪ್ರತಿಗಳನ್ನು ಹಿಂತೆಗೆದುಕೊಂಡು ನಾಶಪಡಿಸಲು ಕಂಪನಿ ಕೊನೆಗೆ ಒಪ್ಪಬೇಕಾಯಿತು. ಒಂದೇ ಕಂಪನಿ, ಒಂದೇ ತಂಡ, ಬಹುಮಟ್ಟಿಗೆ ಅವೇ ಹಾಡುಗಳು, ಒಂದು ವರ್ಷದ ಅಂತರ. ಮೊದಲನೆಯದರಲ್ಲಿ ಹಾಡುಗಳನ್ನು ಜೋಡಿಸಿದ್ದರು, ಎರಡನೆಯದರಲ್ಲಿ ಅವುಗಳ ಮೇಲೆ ತಂಡದ ಹೆಸರಿನಲ್ಲಿ ಬೇರೆಯವರು ಬರೆದಿದ್ದರು. ಎರಡನ್ನೂ ‘ಸಂಕಲನ’ ಎಂಬ ಒಂದೇ ಮಾತಿನಿಂದ ತಳ್ಳಿಹಾಕಿದರೆ ಆ ತಂಡ ಯಾವುದಕ್ಕಾಗಿ ಹೋರಾಡಿತೋ ಆ ವ್ಯತ್ಯಾಸವೇ ಅಳಿಸಿಹೋಗುತ್ತದೆ.

ಮುದ್ರಣದ ಹಕ್ಕು ಯಾರದು ಎಂಬ ಈ ಜಗಳಕ್ಕೆ ಸ್ಕ್ವೀಝ್ ತಂಡ ಕೊಟ್ಟ ಉತ್ತರವನ್ನು ನೆನೆದಾಗಲೆಲ್ಲ ನನಗೆ ನಗು ಬರುತ್ತದೆ. 2010ರಲ್ಲಿ ಅವರು ತಮ್ಮ ಹಳೆಯ ಜನಪ್ರಿಯ ಹಾಡುಗಳನ್ನೆಲ್ಲ ಮೂಲಕ್ಕೆ ಆದಷ್ಟು ಹತ್ತಿರವಾಗಿ ಮತ್ತೆ ನುಡಿಸಿ ‘ಸ್ಪಾಟ್ ದ ಡಿಫರೆನ್ಸ್’ ಎಂದು ಹೆಸರಿಟ್ಟರು. ಆ ಹೊಸ ಮುದ್ರಣಗಳ ಹಕ್ಕಾದರೂ ತಮ್ಮದಾಗಿರಲಿ ಎಂಬುದು ಉದ್ದೇಶ, ವ್ಯತ್ಯಾಸ ಗುರುತಿಸಿ ನೋಡೋಣ ಎಂಬುದು ಸವಾಲು. ದ ಪೊಲೀಸ್ ತಂಡದ್ದು ಇದಕ್ಕೆ ತದ್ವಿರುದ್ಧವಾದ ಕಥೆ. 1986ರಲ್ಲಿ ಹಳೆಯ ಹಾಡುಗಳನ್ನು ಹೊಸದಾಗಿ ಮುದ್ರಿಸಲು ಮೂವರೂ ಸೇರಿದರು. ಅಷ್ಟರಲ್ಲಿ ಡ್ರಮ್ಮರ್ ಸ್ಟುವರ್ಟ್ ಕೋಪ್‌ಲ್ಯಾಂಡ್ ಕುದುರೆಯಿಂದ ಬಿದ್ದು ಕೊರಳೆಲುಬು ಮುರಿದುಕೊಂಡರು. ಕೊನೆಗೆ ಆ ವರ್ಷದ ಸಿಂಗಲ್‌ಗಳ ಸಂಕಲನಕ್ಕೆ ಒಂದೇ ಒಂದು ಮರುಮುದ್ರಿತ ಹಾಡು ಸೇರಿತು, ಅದನ್ನು ಕೇಳಿದವರಿಗೆ ಉಳಿದವು ಬರದೇ ಹೋದದ್ದಕ್ಕೆ ದುಃಖವೇನೂ ಆಗದು.

ಇನ್ನು ಲೈವ್ ಆಲ್ಬಮ್‌ಗಳಿಗೆ ಬರೋಣ. ಸ್ಟುಡಿಯೊ ಆಲ್ಬಮ್ ಅಸಲಿ, ಲೈವ್ ಆಲ್ಬಮ್ ಅದರ ನಕಲು ಎಂಬ ಹಂಚಿಕೆಯನ್ನು ಅಂಕಣಕಾರರು ಪ್ರಶ್ನಿಸದೆ ಒಪ್ಪಿಕೊಂಡಂತಿದೆ. ಕಿಂಗ್ ಕ್ರಿಮ್ಸನ್ ತಂಡದ 1974ರ ‘ಸ್ಟಾರ್‌ಲೆಸ್ ಆ್ಯಂಡ್ ಬೈಬಲ್ ಬ್ಲ್ಯಾಕ್’ ಎಲ್ಲ ಪಟ್ಟಿಗಳಲ್ಲೂ ಸ್ಟುಡಿಯೊ ಆಲ್ಬಮ್ ಎಂದೇ ದಾಖಲಾಗಿದೆ. ವಾಸ್ತವದಲ್ಲಿ ಅದರ ಬಹುಭಾಗ ವೇದಿಕೆಯ ಮೇಲೆ, ಮುಖ್ಯವಾಗಿ 1973ರ ನವೆಂಬರಿನಲ್ಲಿ ಆಮ್‌ಸ್ಟರ್‌ಡಾಮಿನ ಕನ್ಸರ್ಟ್‌ಖೆಬಾವ್ ಸಭಾಂಗಣದಲ್ಲಿ ನುಡಿಸಿದ್ದು. ಚಪ್ಪಾಳೆಯನ್ನು ಅಳಿಸಿ, ಅಲ್ಲಲ್ಲಿ ಹೊಸ ಪದರ ಸೇರಿಸಿದ್ದಾರೆ. ಪೂರ್ತಿ ಸ್ಟುಡಿಯೊದಲ್ಲೇ ಆದ ಹಾಡುಗಳು ಎರಡೇ ಎರಡು. ಅಂದರೆ ಅಂಕಣಕಾರರು ಕೇಳಿ ಎಂದ ಸಾಲಿನಲ್ಲೇ ಒಂದು ಲೈವ್ ಆಲ್ಬಮ್ ಸದ್ದಿಲ್ಲದೆ ಕುಳಿತಿದೆ. ಇದರ ಕನ್ನಡಿಬಿಂಬದಂತಿರುವುದು ಪೀಟರ್ ಗೇಬ್ರಿಯಲ್ ಅವರ 1983ರ ‘ಪ್ಲೇಸ್ ಲೈವ್’. ಜೆನೆಸಿಸ್ ತಂಡವನ್ನು ಬಿಟ್ಟು ಒಬ್ಬಂಟಿಯಾಗಿ ಹಾಡುತ್ತಿದ್ದ ಅವರು 1982ರ ಕೊನೆಯ ಹೊತ್ತಿಗೆ ಅಮೆರಿಕದ ಮಧ್ಯಪಶ್ಚಿಮದ ನಾಲ್ಕು ಊರುಗಳಲ್ಲಿ ನುಡಿಸಿದ್ದನ್ನು ಮನೆಗೆ ತಂದು ತಿದ್ದಿದರು. ಹಾಗೆ ತಿದ್ದಿದ್ದನ್ನು ಹೊದಿಕೆಯಲ್ಲೇ ಒಪ್ಪಿಕೊಂಡರು. ಇನ್ನಷ್ಟು ಮುದ್ರಣ ಕಲಾವಿದನ ಮನೆಯಿಂದ ಬಹಳ ದೂರವಲ್ಲದ ಜಾಗದಲ್ಲಿ ನಡೆಯಿತು, ಇಂಥ ಕೆಲಸಕ್ಕೆ ಜನ ಮೋಸ ಎನ್ನುತ್ತಾರೆ ಎಂಬರ್ಥದ ಸಾಲುಗಳು ಅಲ್ಲಿವೆ. ಲೈವ್ ಆಲ್ಬಮ್ಮಿನ ಹೊದಿಕೆಯ ಮೇಲೆ ಇಷ್ಟು ನೇರವಾದ, ಇಷ್ಟು ತಮಾಷೆಯ ತಪ್ಪೊಪ್ಪಿಗೆಯನ್ನು ನಾನು ಬೇರೆಲ್ಲೂ ಓದಿಲ್ಲ. ವೇದಿಕೆಯ ಮುದ್ರಣವನ್ನು ತಿದ್ದಿದ ಇತರ ತಂಡಗಳು ಅನೇಕ, ಹೀಗೆ ಹೇಳಿಕೊಂಡವು ವಿರಳ.

ತಿದ್ದುವುದಿರಲಿ, ಸರಿಯಾಗಿ ಮುದ್ರಿಸುವುದಕ್ಕೂ ಕೈಯಲ್ಲಿ ಸಲಕರಣೆಯಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕಿಂಗ್ ಕ್ರಿಮ್ಸನ್‌ನದೇ 1972ರ ‘ಅರ್ಥ್‌ಬೌಂಡ್’ ಇದೆ. ಅಮೆರಿಕದ ಪ್ರವಾಸದಲ್ಲಿ ಧ್ವನಿ ಹೊಂದಿಸುವ ಮಿಕ್ಸರಿನಿಂದ ನೇರವಾಗಿ ಆ್ಯಂಪೆಕ್ಸ್ ಕ್ಯಾಸೆಟ್ ಯಂತ್ರಕ್ಕೆ ಇಳಿಸಿಕೊಂಡ ಈ ಆಲ್ಬಮ್ಮಿನ ಒಂದು ಭಾಗವನ್ನು ಫ್ಲಾರಿಡಾದ ಒರ್ಲ್ಯಾಂಡೊದಲ್ಲಿ ಮಳೆ ಸುರಿಯುತ್ತಿರುವಾಗ ಫೋಕ್ಸ್‌ವ್ಯಾಗನ್ ಟ್ರಕ್ಕಿನ ಹಿಂಬದಿಯಲ್ಲಿ ಮುದ್ರಿಸಿಕೊಂಡರು ಎಂಬ ವಿವರ ಅದರ ಹೊದಿಕೆಯ ಮೇಲಿದೆ. ಗುಣಮಟ್ಟ ಸಾಲದೆಂದು ಅಟ್ಲಾಂಟಿಕ್ ಕಂಪನಿ ಅದನ್ನು ಅಮೆರಿಕದಲ್ಲಿ ಹೊರತರಲೇ ಇಲ್ಲ. ಕೇಳಿದರೆ ಸ್ಯಾಕ್ಸೊಫೋನ್ ಹರಿದ ಬಟ್ಟೆಯಂತೆ ಕೇಳಿಸುತ್ತದೆ, ಡ್ರಮ್ಮು ಪಕ್ಕದ ಕೋಣೆಯಲ್ಲಿದ್ದಂತಿರುತ್ತದೆ. ಆದರೂ ಮುರಿದು ಬೀಳುವ ಹಂತದಲ್ಲಿದ್ದ ಆ ನಾಲ್ವರ ತಂಡ ವೇದಿಕೆಯ ಮೇಲೆ ಎಂಥ ಆವೇಶದಲ್ಲಿತ್ತು ಎಂಬುದಕ್ಕೆ ಆ ಕಾಲದಲ್ಲಿ ಸಿಕ್ಕ ಅಧಿಕೃತ ಸಾಕ್ಷ್ಯ ಅದೊಂದೇ. ಅದೇ ತಂಡದ ಮುಂದಿನ ಅವತಾರ 1974ರ ಜೂನಿನಲ್ಲಿ ಅಮೆರಿಕದಲ್ಲಿ ನುಡಿಸಿದ್ದು ಮರುವರ್ಷ ‘ಯುಎಸ್‌ಎ’ ಆಗಿ ಬಂದಾಗ, ತಂಡದ ಪಿಟೀಲುವಾದಕ ಡೇವಿಡ್ ಕ್ರಾಸ್ ನುಡಿಸಿದ್ದ ಕೆಲವು ಭಾಗಗಳ ಜಾಗದಲ್ಲಿ ಎಡ್ಡಿ ಜಾಬ್ಸನ್ ಸ್ಟುಡಿಯೊದಲ್ಲಿ ಕುಳಿತು ಪಿಟೀಲು ನುಡಿಸಿದರು. ಆ ಕಛೇರಿಗಳಲ್ಲಿ ಜಾಬ್ಸನ್ ಇರಲೇ ಇಲ್ಲ!

ಜಾಬ್ಸನ್ ಆಗ ರಾಕ್ಸಿ ಮ್ಯೂಸಿಕ್‌ನಲ್ಲಿದ್ದರು. ಹಾಗಾಗಿ ಅವರ ಪಿಟೀಲನ್ನು ಅದರ ಸ್ವಂತ ಜಾಗದಲ್ಲಿ ಕೇಳಬೇಕೆಂದರೆ 1976ರ ‘ವೀವಾ! ರಾಕ್ಸಿ ಮ್ಯೂಸಿಕ್’ಗೆ ಬರಬೇಕು. 1973ರ ಗ್ಲಾಸ್ಗೊ, 1974ರ ನ್ಯೂಕ್ಯಾಸಲ್ ಮತ್ತು 1975ರ ವೆಂಬ್ಲಿ, ಹೀಗೆ ಮೂರು ವರ್ಷಗಳ ಮೂರು ಕಛೇರಿಗಳಿಂದ ಆರಿಸಿ ನಿರ್ಮಾಪಕ ಕ್ರಿಸ್ ಥಾಮಸ್ ಜೊತೆ ಸಿದ್ಧಪಡಿಸಿದ ಈ ಆಲ್ಬಮ್ ಹೊರಬರುವ ಹೊತ್ತಿಗೆ ತಂಡ ಆಗಲೇ ಒಡೆದು ಬೇರೆಯಾಗಿತ್ತು. ಬೇಸ್ ಗಿಟಾರಿನವರು ಊರಿಂದೂರಿಗೆ ಬದಲಾದದ್ದು ಆ ತಂಡದಲ್ಲಿ ಹೊಸದೇನೂ ಅಲ್ಲ. ‘ಇಫ್ ದೇರ್ ಈಸ್ ಸಮ್‌ಥಿಂಗ್’ ಮೊದಲ ಆಲ್ಬಮ್ಮಿನಲ್ಲಿ ಅರ್ಧ ತಮಾಷೆಯಾಗಿ ಹೊರಟು ಗಂಭೀರವಾಗುವ ಹಾಡು. ಇಲ್ಲಿ ಅದು ಹತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಬೆಳೆಯುತ್ತದೆ, ನಡುವೆ ಪಿಟೀಲು ಒಂಟಿಯಾಗಿ ಏರುತ್ತಾ ಹೋಗಿ ಬ್ರಯನ್ ಫೆರಿಯವರ ದನಿಗೆ ದಾರಿ ಬಿಡುವ ಹೊತ್ತಿಗೆ ಆ ದನಿಯಲ್ಲಿದ್ದ ನಟನೆಯೆಲ್ಲ ಕಳಚಿ ಬಿದ್ದಿರುತ್ತದೆ. ಸ್ಟುಡಿಯೊದ ರೂಪವನ್ನು ಮಾತ್ರ ಬಲ್ಲವರು ಈ ಹಾಡನ್ನು ಅರ್ಧ ಬಲ್ಲವರು. ಇದಕ್ಕೆ ಹೋಲಿಸಿದರೆ, 1982ರಲ್ಲಿ ಫ್ರಾನ್ಸಿನ ಫ್ರೆಜೂಸ್‌ನಲ್ಲಿ ನುಡಿಸಿ 1990ರಲ್ಲಿ ಹೊರಬಂದ ‘ಹಾರ್ಟ್ ಸ್ಟಿಲ್ ಬೀಟಿಂಗ್’ ನಯವಾಗಿದೆ, ಅಷ್ಟೇ.

ಆದರೆ ಲೈವ್ ಆಲ್ಬಮ್ ಎಂಬುದು ಸ್ಟುಡಿಯೊ ಆಲ್ಬಮ್ಮಿನ ನೆರಳಲ್ಲ ಎಂದು ಸಾಧಿಸಲು ಒಂದೇ ಒಂದು ತಟ್ಟೆಯನ್ನು ಆರಿಸಿಕೊಳ್ಳಬೇಕಾಗಿ ಬಂದರೆ ನಾನು ವೈರ್ ತಂಡದ ‘ಡಾಕ್ಯುಮೆಂಟ್ ಆ್ಯಂಡ್ ಐವಿಟ್ನೆಸ್’ ಅನ್ನೇ ಮುಂದಿಡುತ್ತೇನೆ. ಮೂರು ಅದ್ಭುತ ಆಲ್ಬಮ್‌ಗಳನ್ನು ಮಾಡಿ ಕಂಪನಿಯಿಂದ ಹೊರಬಂದಿದ್ದ ಈ ತಂಡ 1980ರ ಫೆಬ್ರವರಿ 29ರ ರಾತ್ರಿ ಲಂಡನ್ನಿನ ಎಲೆಕ್ಟ್ರಿಕ್ ಬಾಲ್‌ರೂಮಿನಲ್ಲಿ ವೇದಿಕೆ ಏರಿದಾಗ ಜನ ಹಳೆಯ ಹಾಡುಗಳಿಗಾಗಿ ಕಾದಿದ್ದರು. ತಂಡ ನುಡಿಸಿದ್ದು ಬಹುತೇಕ ಯಾರೂ ಕೇಳಿರದ ಹೊಸ ಹಾಡುಗಳನ್ನು, ಜೊತೆಗೆ ವೇದಿಕೆಯ ಮೇಲೆ ಒಂದಾದ ಮೇಲೊಂದರಂತೆ ವಿಚಿತ್ರಗಳು. ಒಬ್ಬ ಹಾಡುತ್ತಾ ಗ್ಯಾಸ್ ಒಲೆಯೊಂದನ್ನು ಬಡಿಯುತ್ತಾನೆ. ಇನ್ನೊಂದು ಹಾಡಿಗೆ ಹನ್ನೆರಡು ಮಂದಿ ತಲೆಗೆ ಸುದ್ದಿಪತ್ರಿಕೆಯ ಕಿರೀಟ ಕಟ್ಟಿಕೊಂಡು ತಾಳ ಬಡಿಯುತ್ತಾರೆ. ಮತ್ತೊಂದಕ್ಕೆ ದೀಪ ಹೊತ್ತಿಸಿದ ಹೆಬ್ಬಾತು ಸಾಥ್ ಕೊಡುತ್ತದೆ. ಇದಾವುದೂ ಧ್ವನಿಯಲ್ಲಿ ಕಾಣುವಂಥದ್ದಲ್ಲವಷ್ಟೆ? ಅದಕ್ಕೇ ಯಾವ ಹಾಡಿನ ವೇಳೆ ಏನು ನಡೆಯಿತು ಎಂಬ ಒಕ್ಕಣೆಯನ್ನು ಆಲ್ಬಮ್ಮಿನ ಜೊತೆಗೇ ಅಚ್ಚುಹಾಕಿದರು. ಅದನ್ನು ಓದುತ್ತಾ ಕೇಳಿದರೆ ಹಾಡುಗಳ ನಡುವೆ ಸಭಿಕರ ಗೊಣಗಾಟ, ಕೂಗಾಟ, ಹಳೆಯ ಹಾಡಿಗಾಗಿ ಒತ್ತಾಯ ಎಲ್ಲವೂ ಕಿವಿಗೆ ಬೀಳುತ್ತವೆ. ಇತರ ತಂಡಗಳು ಲೈವ್ ಆಲ್ಬಮ್ಮಿನಲ್ಲಿ ಜೈಕಾರವನ್ನು ಹೆಚ್ಚಿಸಿಕೊಳ್ಳುವಾಗ ಇವರು ತಮ್ಮ ಮೇಲಿನ ಸಿಟ್ಟನ್ನೇ ಮುದ್ರಿಸಿ 1981ರಲ್ಲಿ ಮಾರಾಟಕ್ಕಿಟ್ಟರು! ಆ ಹಾಡುಗಳಲ್ಲಿ ಹೆಚ್ಚಿನವು ಸ್ಟುಡಿಯೊಗೆ ಹೋಗುವ ಮೊದಲೇ ತಂಡ ನಿಂತುಹೋಯಿತು, ಮತ್ತೆ ಒಂದಾದದ್ದು ಎಂಬತ್ತರ ದಶಕದ ನಡುವೆ. ಸ್ಟುಡಿಯೊ ಆಲ್ಬಮ್‌ಗಳನ್ನಷ್ಟೇ ಕೇಳುವವರಿಗೆ ವೈರ್ ತಂಡದ ಈ ಅಧ್ಯಾಯ ನಡೆದೇ ಇಲ್ಲದಂತೆ.

ಕೆಲವು ಕಛೇರಿಗಳನ್ನು ಗುಣಮಟ್ಟದ ತಕ್ಕಡಿಯಲ್ಲಿ ತೂಗುವುದೇ ಸಲ್ಲದು. ಜಾಯ್ ಡಿವಿಷನ್ ತಂಡ 1980ರ ಮೇ 2ರಂದು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಹೈ ಹಾಲ್‌ನಲ್ಲಿ ನುಡಿಸಿತು. ಅದೇ ತಿಂಗಳ 18ರಂದು ಹಾಡುಗಾರ ಇಯಾನ್ ಕರ್ಟಿಸ್ ತೀರಿಕೊಂಡರು, ಹಾಗಾಗಿ ಅದೇ ಅವರ ಕೊನೆಯ ಕಛೇರಿಯಾಯಿತು. ಮರುವರ್ಷದ ‘ಸ್ಟಿಲ್’ ಆಲ್ಬಮ್ಮಿನಲ್ಲಿ ಆ ರಾತ್ರಿಯ ಮುದ್ರಣವಿದೆ. ಮೇಲೆ ಹೇಳಿದ ‘ಸೆರಿಮನಿ’ ಹಾಡು ಅಲ್ಲಿಯೂ ಇದೆ. ಆದರೆ ಆರಂಭದಲ್ಲಿ ಕರ್ಟಿಸ್ ಅವರ ದನಿ ಕೇಳಿಸುವುದೇ ಕಷ್ಟ, ವಾದ್ಯಗಳ ಹಿಂದೆಲ್ಲೋ ಹಾಡುತ್ತಿರುವ ಮನುಷ್ಯ ಸ್ವಲ್ಪ ತಡವಾಗಿ ಮುಂದೆ ಬಂದಂತಿರುತ್ತದೆ. ಯಾವ ಲೆಕ್ಕದಲ್ಲಿ ನೋಡಿದರೂ ಅದು ದೋಷಪೂರಿತ ಮುದ್ರಣವೇ. ಉಳಿದ ಮೂವರು ನ್ಯೂ ಆರ್ಡರ್ ಎಂಬ ಹೆಸರಿನಲ್ಲಿ ಹಾಡಿದ ಮೊದಲ ಸಿಂಗಲ್ ಅದೇ ಹಾಡು ಎಂಬುದನ್ನು ನೆನೆದು, ‘ಸ್ಟಿಲ್’ನ ಈ ಮುದ್ರಣವನ್ನೂ ‘ಸಬ್‌ಸ್ಟೆನ್ಸ್’ನ ಮೊದಲ ಹಾಡನ್ನೂ ಬೆನ್ನುಬೆನ್ನಿಗೆ ಕೇಳುವುದು ನನ್ನ ಹಳೆಯ ರೂಢಿ. ಒಂದು ಲೈವ್ ಮುದ್ರಣ, ಇನ್ನೊಂದು ಸಂಕಲನ, ಎರಡೂ ಅಂಕಣಕಾರರ ಪಟ್ಟಿಯ ಹೊರಗಿನವು.

ವೇದಿಕೆಯನ್ನೇ ತೊರೆದ ತಂಡಗಳ ವಿಷಯದಲ್ಲಿಯೂ ಇಂಥ ಆಲ್ಬಮ್‌ಗಳೇ ಗತಿ. ಎಕ್ಸ್‌ಟಿಸಿಯ ಹಾಡುಗಾರ ಆ್ಯಂಡಿ ಪಾರ್ಟ್ರಿಜ್ 1982ರ ಮಾರ್ಚಿನಲ್ಲಿ ಪ್ಯಾರಿಸ್‌ನ ಕಛೇರಿಯ ನಡುವೆಯೇ ವೇದಿಕೆಯಿಂದ ಹೊರನಡೆದರು, ಆ ವರ್ಷದ ಬಳಿಕ ತಂಡ ಪ್ರವಾಸ ಮಾಡಲೇ ಇಲ್ಲ. 1980ರ ಡಿಸೆಂಬರಿನಲ್ಲಿ ಹ್ಯಾಮರ್‌ಸ್ಮಿತ್ ಪ್ಯಾಲೆಯಲ್ಲಿ ಅವರು ನುಡಿಸಿದ್ದನ್ನು ಬಿಬಿಸಿ ಮುದ್ರಿಸಿಕೊಂಡಿತ್ತು, ಅದು 1992ರಲ್ಲಿ ಆಲ್ಬಮ್ ಆಗಿ ಬರುವವರೆಗೆ ಈ ತಂಡ ಎಂಥ ಬಿರುಸಿನದಾಗಿತ್ತೆಂದು ಅಲ್ಲಿ ಹಾಜರಿದ್ದವರು ಹೇಳಿದ್ದನ್ನು ನಂಬಬೇಕಿತ್ತು. ಟಾಕ್ ಟಾಕ್ ಕೂಡ 1986ರ ಪ್ರವಾಸದ ಬಳಿಕ ಕಛೇರಿಗಳನ್ನು ನಿಲ್ಲಿಸಿತು. ಆ ವರ್ಷದ ಮೇ 8ರಂದು ಹ್ಯಾಮರ್‌ಸ್ಮಿತ್ ಓಡಿಯನ್‌ನಲ್ಲಿ ನುಡಿಸಿದ್ದು 1999ರಲ್ಲಿ ‘ಲಂಡನ್ 1986’ ಎಂದು ಹೊರಬಂತು. ಊರು ಮತ್ತು ಇಸವಿಯನ್ನು ಬಿಟ್ಟರೆ ಬೇರೆ ಬಣ್ಣವಿಲ್ಲದ ಹೆಸರು, ನನಗೆ ಅದೇ ಹಿಡಿಸಿತು.

ಸಂಪಾದಕರಲ್ಲಿ ನನ್ನ ಕೋರಿಕೆ ಇಷ್ಟೆ. ಇಂಥ ಆಲ್ಬಮ್‌ಗಳ ಪರಿಚಯ ಪ್ರಕಟಿಸುವಾಗ, ಸಂಕಲನವಾದರೆ ಆರಿಸಿದವರು ತಂಡದವರೋ ಕಂಪನಿಯವರೋ ಎಂಬುದನ್ನೂ, ಹಾಡುಗಳು ಮೂಲ ರೂಪದಲ್ಲಿವೆಯೋ ಮರುಮುದ್ರಿತವೋ ಎಂಬುದನ್ನೂ, ಲೈವ್ ಆಲ್ಬಮ್ಮಾದರೆ ಎಲ್ಲಿ, ಯಾವಾಗ ನುಡಿಸಿದ್ದು, ಬಳಿಕ ಎಷ್ಟು ತಿದ್ದಿದ್ದು ಎಂಬುದನ್ನೂ ಲೇಖನದ ತಲೆಯಲ್ಲಿ ಎರಡು ಸಾಲಿನಲ್ಲಿ ಅಚ್ಚುಹಾಕಬಹುದಲ್ಲವೇ? ಹಾಡುಗಳ ಅನುಕ್ರಮ ಕಛೇರಿಯದೇ ಹೌದೋ ಎಂಬುದನ್ನೂ ಸೇರಿಸಿದರೆ ಇನ್ನೂ ಒಳ್ಳೆಯದು. ಡೇವಿಡ್ ಬೋವಿಯವರ 1978ರ ‘ಸ್ಟೇಜ್’ ಮೊದಲು ಬಂದಾಗ ಹಾಡುಗಳನ್ನು ಅವು ಹುಟ್ಟಿದ ಕಾಲಕ್ಕೆ ತಕ್ಕಂತೆ ಗುಂಪು ಮಾಡಿದ್ದರು, ವೇದಿಕೆಯಲ್ಲಿ ನುಡಿಸಿದ ಅನುಕ್ರಮ ಕೇಳುಗರಿಗೆ ಸಿಕ್ಕಿದ್ದು 2005ರ ಮರುಬಿಡುಗಡೆಯಲ್ಲಿ. ಎರಡನ್ನೂ ಕೇಳಿದವರಿಗೆ ಅವು ಎರಡು ಬೇರೆ ಸಂಜೆಗಳೆಂದೇ ತೋರುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ

ಮರೆತಿದ್ದೆ: ‘ಸಬ್‌ಸ್ಟೆನ್ಸ್’ ಎಂಬ ಹೆಸರಿನ ಸಂಕಲನಗಳು ಎರಡಿವೆ. 1987ರದು ನ್ಯೂ ಆರ್ಡರ್‌ನದು, 1988ರದು ಜಾಯ್ ಡಿವಿಷನ್‌ನದು. ಅಂಕಣದ ಜೊತೆ ಹೆಸರು ನ್ಯೂ ಆರ್ಡರ್‌ನದೆಂದು ಹಾಕಿ, ಚಿತ್ರ ಮಾತ್ರ ಜಾಯ್ ಡಿವಿಷನ್‌ನ ಹೊದಿಕೆಯದನ್ನು ಅಚ್ಚುಹಾಕಿದ್ದೀರಿ, ಮುಂದಿನ ವಾರ ದಯವಿಟ್ಟು ಸರಿಪಡಿಸಿ.